ಸ್ನಾನದ ಮನೆಯ ನಲವತ್ತು ಸೆಕೆಂಡು

ಅವನ ಮುಖ ನೋಡುವ ಮೊದಲೇ ಅವನ ದನಿ ಅವಳಿಗೆ ಬಾಯಿಪಾಠವಾಗಿತ್ತು.

ಅವಳು ಎಡಿಟರ್. ಕೆಲಸದವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಕತ್ತರಿ ಎಂದು. ಕಿಟಕಿಗೆ ಕಪ್ಪು ಪರದೆ ಬಿಟ್ಟ ಕೋಣೆಯಲ್ಲಿ ಕೂತು ಮೂರು ತಿಂಗಳಿಂದ ಒಂದು ಸಾಕ್ಷ್ಯಚಿತ್ರವನ್ನು ಜೋಡಿಸುತ್ತಿದ್ದಳು. ನಲವತ್ತು ವರ್ಷದ ಹಿಂದೆ ರಕ್ತ, ದೆವ್ವ, ಒದ್ದೆ ಬಟ್ಟೆ ತೋರಿಸಿ ಥಿಯೇಟರು ತುಂಬಿಸುತ್ತಿದ್ದ ಒಬ್ಬ ನಿರ್ಮಾಪಕ, ಅವನ ಚಿತ್ರಗಳಲ್ಲಿ ಮಿಂಚಿ ಮರೆಯಾದ ತಾರೆಯರು, ಇವರ ಕಥೆ ಅದು. ಆಗ ಮರ್ಯಾದಸ್ಥರು ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಆ ಚಿತ್ರಗಳನ್ನು ಈಗಿನವರು ಕಲ್ಟ್ ಅನ್ನುತ್ತಿದ್ದರು. ಮುದುಕನಾದ ನಿರ್ಮಾಪಕನನ್ನು ಯಜಮಾನರು ಎಂದು ಕರೆದು ಕಾಲಿಗೆ ಬೀಳುವವರೂ ಇದ್ದರು.

ದಿನವಿಡೀ ಅದನ್ನೇ ನೋಡಿ ನೋಡಿ ಕತ್ತರಿಗೆ ಸಾಕಾಗಿಹೋಗಿತ್ತು. ಆ ಕೊಳೆಯ ನಡುವೆ ಅವಳಿಗೆ ಸಿಗುತ್ತಿದ್ದ ಒಂದೇ ಒಂದು ಹಿತ, ಪ್ರತಿ ಶಾಟಿನ ಶುರುವಿಗೆ ಕೇಳುತ್ತಿದ್ದ ಸೌಂಡ್ ರೆಕಾರ್ಡಿಸ್ಟನ ದನಿ. "ಸೌಂಡ್ ರೋಲಿಂಗ್" ಎಂದು ಅವನು ಹೇಳುತ್ತಿದ್ದದ್ದು ಮಲಗಿದ ಮಗುವಿನ ಪಕ್ಕ ಮಾತಾಡಿದ ಹಾಗಿರುತ್ತಿತ್ತು. ಶೂಟಿಂಗ್ ಮುಗಿದ ಮೇಲೆ, "ಎಲ್ಲರೂ ಒಂದ್ ನಿಮಿಷ ಸುಮ್ಮನಿರಿ, ಕೋಣೆಯ ಮೌನ ತಗೋತೀನಿ, ಮೂವತ್ತು ಸೆಕೆಂಡು" ಅನ್ನುತ್ತಿದ್ದ; ಮಾತು ಕತ್ತರಿಸಿದ ಕಡೆ ತೇಪೆ ಹಾಕಲು ಅವಳಿಗೆ ಆ ಖಾಲಿ ಸದ್ದು ಬೇಕಾಗುತ್ತಿತ್ತು. ಒಮ್ಮೆ ಕಿಟಕಿಯಲ್ಲಿ ಗುಬ್ಬಿ ಕೂಗಿದಾಗ, "ನೀನೂ ಕಣಮ್ಮ" ಅಂದಿದ್ದ. ಇನ್ನೊಮ್ಮೆ ಅವನೇ ಸೀನಿಬಿಟ್ಟು, "ಎಡಿಟರ್ ಮೇಡಂ, ತಪ್ಪು ನಂದು, ಕತ್ತರಿಸಿಬಿಡಿ" ಎಂದು ಮೈಕಿಗೇ ಕ್ಷಮೆ ಕೇಳಿದ್ದ. ಅವಳು ಕತ್ತರಿಸಿರಲಿಲ್ಲ. 'ಒಳ್ಳೆಯ ಸೀನು' ಎಂದು ಹೆಸರಿಟ್ಟು ಬೇರೆ ಫೋಲ್ಡರಿನಲ್ಲಿ ಎತ್ತಿಟ್ಟಿದ್ದಳು.

ಒಂದು ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. "ಒಳಗೆ ಬರಬಹುದಾ? ಹಾರ್ಡ್ ಡಿಸ್ಕ್ ತಂದಿದೀನಿ."

ಅವಳು ತಿರುಗಲಿಲ್ಲ. ದನಿ ಸಾಕಾಗಿತ್ತು.

"ಸೀನಿದೋರು ನೀವೇ ತಾನೆ?"

ಬಾಗಿಲಲ್ಲೇ ನಿಂತವನ ಎರಡೂ ಕಿವಿ ಕೆಂಪಾದವು. ಉದ್ದನೆಯ ಮನುಷ್ಯ, ಗಡ್ಡದಲ್ಲಿ ಅಲ್ಲಲ್ಲಿ ನರೆ. ಎಲ್ಲರ ಬಾಯಿ ಮುಚ್ಚಿಸುವುದೇ ಕೆಲಸವಾದ್ದರಿಂದ ಅವನಿಗೆ ಮೌನಿ ಎಂದು ಹೆಸರು ಬಿದ್ದಿತ್ತಂತೆ.

"ಅದನ್ನ ಅಳಿಸಿಲ್ವಾ ನೀವು?"

"ಕತ್ತರಿಸೋದು ಬಿಡೋದು ನನ್ನಿಷ್ಟ."

"ನಿಮ್ಮ ಕೂದಲಿನ ಮೇಲೆ ಹೆಡ್‌ಫೋನಿಂದು ಒಂದು ಹಾದಿ ಬಿದ್ದಿದೆ" ಅಂದ ಅವನು, ಮಾತು ತಿರುಗಿಸಲು.

ಅವಳು ಈಗ ತಿರುಗಿದಳು. "ನಿಮ್ಮ ತಲೆ ಮೇಲೂ ಇದೆ. ಅಲ್ಲೆಲ್ಲ ಕೂದಲೇ ಇಲ್ಲ, ಅದು ಹೆದ್ದಾರಿ."

ಆಮೇಲೆ ಅವನು ವಾರಕ್ಕೆ ಮೂರು ಸಲ ಬರತೊಡಗಿದ. ಒಂದು ಸಲ ಕೇಬಲ್ ಮರೆತಿದ್ದ, ಇನ್ನೊಂದು ಸಲ ಮರೆಯದಿದ್ದ ಕೇಬಲ್ಲನ್ನು ಹುಡುಕಿದ. ಟೀ ತಂದರೆ ತನ್ನ ಲೋಟ ಅವಳ ಕೀಬೋರ್ಡಿನಿಂದ ಒಂದು ಮಾರು ದೂರ ಇಡುತ್ತಿದ್ದ. ಅವಳು ತೆರೆ ನೋಡುವಾಗ ಅವನು ಅವಳನ್ನು ನೋಡುತ್ತಿದ್ದ. ಅವಳು ತಿರುಗಿದ ಕ್ಷಣ ತೆರೆಯತ್ತ ಕಣ್ಣು ಹೊರಳಿಸುತ್ತಿದ್ದ. ತೆರೆ ಕಪ್ಪಗಾದಾಗ ಅದರ ಗಾಜಿನಲ್ಲಿ ಇಬ್ಬರ ಕಣ್ಣೂ ಸಿಕ್ಕಿಬೀಳುತ್ತಿದ್ದವು. ಆಗ ಅವಳು ಬೇಕೆಂದೇ ಮುಂದಿನ ಶಾಟು ಹಾಕಲು ತಡಮಾಡುತ್ತಿದ್ದಳು.

ಹೀಗೆ ಐದಾರು ವಾರ ಕಳೆದ ಮೇಲೆ ಯಜಮಾನರ ಕೊನೆಯ ಸಂದರ್ಶನದ ಫೈಲು ಬಂತು.

ಮುದುಕ ರೇಷ್ಮೆಯ ನಿಲುವಂಗಿ ತೊಟ್ಟು, ಹಲ್ಲುಕಡ್ಡಿಯಿಂದ ಹಲ್ಲು ಕೆದಕುತ್ತಾ ಕೂತಿದ್ದ. ಕೆದಕಿ ಬಂದದ್ದನ್ನು ಕಡ್ಡಿಯ ತುದಿಯಲ್ಲಿ ಒಮ್ಮೆ ನೋಡಿ ಮತ್ತೆ ಬಾಯಿಗೇ ಹಾಕಿಕೊಂಡ. ಹಿಂದಿನ ಗೋಡೆಯ ಮೇಲೆ ಅವನ ದೊಡ್ಡ ಹಿಟ್ ಚಿತ್ರದ ಪೋಸ್ಟರು ಇತ್ತು. ಮೈತುಂಬ ರಕ್ತ ಸುರಿಸಿಕೊಂಡು ಬಾಯ್ತೆರೆದು ನಿಂತ ನಾಯಕಿ.

"ಆ ಕಿರುಚಾಟ ನಟನೆ ಅಲ್ಲ" ಅಂದ ಯಜಮಾನ. "ಆಕೆಗೆ ಬಣ್ಣದ ನೀರು ಅಂತ ಹೇಳಿದ್ವಿ. ತರಿಸಿದ್ದು ಕಸಾಯಿಖಾನೆಯಿಂದ. ಎರಡು ಬಕೆಟ್ಟು, ಬಿಸಿಬಿಸಿ. ಸುರಿದೇಟಿಗೆ ವಾಂತಿ ಮಾಡ್ಕೊಂಡು ತೊಳ್ಕೊಳಕ್ಕೆ ಸ್ನಾನದ ಮನೆಗೆ ಓಡಿದ್ಲು. ಓಡ್ತಾಳೆ ಅಂತ ನನಗೆ ಮೊದಲೇ ಗೊತ್ತು. ಕಿಟಕೀಲಿ ಇನ್ನೊಂದು ಕ್ಯಾಮೆರಾ ಇಟ್ಟಿದ್ದೆ. ನಲವತ್ತು ಸೆಕೆಂಡು. ನೂರು ದಿನ ಓಡ್ತು ಪಿಕ್ಚರು. ಆಕೆಗೆ ಗೊತ್ತಾಗಿದ್ದೇ ಥಿಯೇಟರಿನಲ್ಲಿ."

ಹೇಳಿ ಮುದುಕ ಹಲ್ಲು ಕಿರಿದ. ಅವನ ನಗುವಿನ ಬೆನ್ನಿಗೇ ಕ್ಯಾಮೆರಾದ ಹಿಂದಿನಿಂದ ಇನ್ನೊಂದು ನಗು ಕೇಳಿತು. ಮೆತ್ತನೆಯ ನಗು, ತಡೆದರೂ ಮೂಗಿನಿಂದ ನುಸುಳಿದ್ದು.

ಕತ್ತರಿ ಆ ತುಣುಕನ್ನು ಹಿಂದಕ್ಕೆ ಓಡಿಸಿ ಕೇಳಿದಳು. ಮತ್ತೆ ಕೇಳಿದಳು. ಮೂರನೆಯ ಸಲಕ್ಕೆ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟಳು. ಆ ದನಿಯ ಏರಿಳಿತ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಎದ್ದು ಹೋಗಿ ಕೈ ತೊಳೆದಳು. ಬಂದು ಮೌಸು ಮುಟ್ಟಿದಾಗ ಕೈ ಮತ್ತೆ ಎಂಜಲಾಯಿತು ಅನಿಸಿ ಅದನ್ನೂ ಒರೆಸಿದಳು.

ಆವತ್ತು ಊಟಕ್ಕೆ ಕೂತಾಗ ಆ ಚಿತ್ರದ ಬಗ್ಗೆ ಚಿಕ್ಕಮ್ಮನನ್ನು ಕೇಳಿದಳು. ತಾಯಿ ಹೋದಮೇಲೆ ಅವಳನ್ನು ಬೆಳೆಸಿದ್ದು ಈ ಚಿಕ್ಕಮ್ಮ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು.

"ಆ ಸ್ನಾನದ ಮನೆ ಪಿಕ್ಚರಾ?" ಚಿಕ್ಕಮ್ಮನ ಕೈ ತಟ್ಟೆಯ ಮೇಲೇ ನಿಂತಿತು. "ಆಫೀಸಿನ ಹುಡುಗೀರೆಲ್ಲ ಹೋಗಿದ್ವಿ. ಗಂಡಸರು ಸೀಟಿ ಹೊಡೀತಿದ್ರು. ನಾವು ಹೆಂಗಸರು ನೆಲ ನೋಡ್ತಾ ಕೂತಿದ್ವಿ. ಹೊರಗೆ ಬಂದು ನಾವು ಬೈದಿದ್ದು ಯಾರನ್ನ ಗೊತ್ತಾ? ಆಕೇನ. ಮಾನಗೆಟ್ಟೋಳು ಅಂತ."

"ಆಕೆಗೆ ಗೊತ್ತೇ ಇರ್ಲಿಲ್ಲ ಚಿಕ್ಕಮ್ಮ."

ಚಿಕ್ಕಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟಳು. ಆಮೇಲೆ ತಟ್ಟೆ ಎತ್ತಿಕೊಂಡು ಎದ್ದು ಹೋದಳು. ಅರ್ಧ ಊಟ ಹಾಗೇ ಇತ್ತು.

ಮಾರನೆಯ ದಿನ ಮೌನಿ ಟೀ ಹಿಡಿದು ಬಂದಾಗ ಕತ್ತರಿ ಲೋಟ ಮುಟ್ಟಲಿಲ್ಲ.

"ಕೂತ್ಕೊಳ್ಳಿ. ಒಂದು ಕೇಳಿಸ್ಬೇಕು."

ಕೇಳಿಸಿದಳು. ಕೇಳಿಸುವಾಗ ಅವನ ಮುಖವನ್ನೇ ನೋಡುತ್ತಿದ್ದಳು. ನಗು ಬಂದ ಜಾಗಕ್ಕೆ ನಿಲ್ಲಿಸಿದಳು.

"ಯಾರಿದು?"

ಆ ಕೋಣೆಯಲ್ಲಿ ಆಗ ಐದು ಜನ ಇದ್ದರೆಂದು ಅವಳಿಗೆ ಗೊತ್ತಿತ್ತು. ಕ್ಯಾಮೆರಾಮನ್ ಅಂದಿದ್ದರೂ ಆಗುತ್ತಿತ್ತು. ಕೆಮ್ಮಿದ್ದು ಅಂದಿದ್ದರೂ ಆಗುತ್ತಿತ್ತು.

"ನಾನು" ಅಂದ ಮೌನಿ.

"ಯಜಮಾನರು ಮಾತು ನಿಲ್ಲಿಸಬಾರದು ಅಂತ, ಕೆಲಸಕ್ಕೋಸ್ಕರ ನಕ್ಕಿರಾ?"

ಅವಳೇ ದಾರಿ ತೋರಿಸಿದ್ದಳು. ಅವನು ಆ ದಾರಿಯನ್ನು ಸ್ವಲ್ಪ ಹೊತ್ತು ನೋಡಿದ.

"ಇಲ್ಲ. ಆ ಮನುಷ್ಯ ಹೇಳೋ ಧಾಟಿಗೆ ನಗು ಬಂತು, ನಕ್ಕೆ. ಏನಕ್ಕೆ ನಕ್ಕೆ ಅಂತ ಗೊತ್ತಾಗಿದ್ದು ಕಾರಲ್ಲಿ ಕೂತಮೇಲೆ. ಅಲ್ಲೀವರೆಗೂ ಗೊತ್ತಾಗ್ಲಿಲ್ಲ, ಅದೇ ನನಗೆ..." ಮಾತು ಅಲ್ಲಿಗೇ ಬಿಟ್ಟ.

"ನೀವು ಹೋಗಿ" ಅಂದಳು ಅವಳು. "ನಿಮ್ಮನ್ನ ನೋಡಿದ್ರೆ ಹೇಸಿಗೆ ಆಗ್ತಿದೆ. ನನ್ನ ಮೇಲೂ ಆಗ್ತಿದೆ, ಈ ದನಿಗೆ ಮರುಳಾಗಿದ್ದೆನಲ್ಲ ಅಂತ."

ಮರುಳಾಗಿದ್ದೆ ಎಂಬ ಮಾತು ಬಾಯಿಂದ ಜಾರಿತ್ತು. ಇಬ್ಬರಿಗೂ ಅದು ಕೇಳಿಸಿತು. ಬೇರೆ ದಿನವಾಗಿದ್ದರೆ ಅದೊಂದೇ ಮಾತಿಗೆ ಅವನ ಕಿವಿ ಮತ್ತೆ ಕೆಂಪಾಗುತ್ತಿತ್ತೇನೋ. ಅವನು ತಲೆ ತಗ್ಗಿಸಿ ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೋದ.

ಅವಳು ನಿರ್ದೇಶಕನ ಕೋಣೆಗೆ ಹೋದಳು. ಅವನು ಇನ್ನೂ ಮೂವತ್ತು ದಾಟದ, ಸದಾ ಅವಸರದ ಮನುಷ್ಯ.

"ಆ ಸ್ನಾನದ ಮನೆ ತುಣುಕು ತೆಗೀತೀನಿ."

"ತಲೆ ಸರಿ ಇದ್ಯಾ? ಆ ನಲವತ್ತು ಸೆಕೆಂಡೇ ನಮ್ಮ ಡಾಕ್ಯುಮೆಂಟರಿಯ ಜೀವ. ಟ್ರೇಲರ್‌ಗೆ ಅದನ್ನೇ ಹಾಕೋದು. ಮಬ್ಬು ಮಾಡಿ ತೋರಿಸೋಣ, ಬೇಕಾದ್ರೆ."

"ನಾವೂ ಕಿಟಕೀಲಿ ನಿಂತ ಹಾಗಾಯ್ತು."

"ನಾವು ಟೀಕೆ ಮಾಡ್ತಿದೀವಿ. ಅದಕ್ಕೂ ಇದಕ್ಕೂ ವ್ಯತ್ಯಾಸ ಇದೆ."

"ಸಾಕ್ಷ್ಯಚಿತ್ರ ಅಂತೀರಿ, ಸಾಕ್ಷಿ ಎಲ್ಲಿ? ಆಕೇನ ಹುಡುಕಿದ್ರಾ?"

"ಎಲ್ಲಿದ್ದಾರೋ. ಇದ್ದಾರೋ ಇಲ್ವೋ" ಎಂದು ನಿರ್ದೇಶಕ ಫೋನು ಎತ್ತಿಕೊಂಡ. ಹುಡುಕಿಯೇ ಇಲ್ಲ ಎಂದು ಅವಳಿಗೆ ಅರ್ಥವಾಯಿತು.

ಹುಡುಕಿದ್ದು ಮೌನಿ. ಹತ್ತು ದಿನದ ಮೇಲೆ ಅವನು ಎಡಿಟಿಂಗ್ ಕೋಣೆಯ ಹೊಸ್ತಿಲಾಚೆಯೇ ನಿಂತು ಒಂದು ಚೀಟಿ ಮುಂದೆ ಹಿಡಿದ. ಆ ಕಾಲದ ಮೇಕಪ್ ಮನುಷ್ಯನೊಬ್ಬ ಇನ್ನೂ ಬದುಕಿದ್ದನಂತೆ. ಎರಡು ಫೋನಿನಲ್ಲಿ ವಿಳಾಸ ಸಿಕ್ಕಿತ್ತು. "ಇದೇ ಊರು. ಗುಂಡಿ, ನೂಲು ಮಾರೋ ಅಂಗಡಿ."

"ಹೋಗಿದ್ರಾ?"

"ಇಲ್ಲ. ನಾನೊಬ್ಬನೇ ಹೋದ್ರೆ ಆಕೆ ಕಣ್ಣಿಗೆ ಇನ್ನೊಬ್ಬ ಗಂಡಸು ಬಂದು ಇಣುಕಿದ ಹಾಗೆ. ನೀವು ಬಂದ್ರೆ ಹೋಗೋಣ. ಬರದಿದ್ರೆ ವಿಳಾಸ ನಿಮ್ಮ ಹತ್ರ ಇರ್ಲಿ, ನೀವೇ ಹೋಗಿ."

ಹೋದರು, ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ ಕೂತು.

ಅಂಗಡಿ ಎಂದರೆ ಎರಡು ಮಾರು ಅಗಲದ ಒಂದು ಓಣಿಯಷ್ಟೇ. ಗೋಡೆಯುದ್ದಕ್ಕೂ ಪುಟ್ಟ ಪುಟ್ಟ ಡ್ರಾಯರುಗಳು, ಪ್ರತಿಯೊಂದರ ಮೇಲೂ ಒಳಗಿರುವ ಗುಂಡಿಯೇ ಒಂದು ಹೊಲಿದು ಕೂರಿಸಿದ್ದು. ಕೌಂಟರಿನ ಹಿಂದೆ ಬೆಳ್ಳಗಿನ ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡ ಹೆಂಗಸು. ಕತ್ತರಿ ತಿಂಗಳುಗಟ್ಟಲೆ ಕಣ್ಣಲ್ಲಿ ಕಣ್ಣಿಟ್ಟು ನೋಡಿದ ಮುಖವೇ. ಆದರೆ ಬಾಯಿ ಮುಚ್ಚಿದ್ದನ್ನು ಅವಳು ನೋಡಿದ್ದು ಇದೇ ಮೊದಲು.

ಬಂದ ಕಾರಣ ಹೇಳಿದರು. ಹೆಂಗಸು ಕೇಳುತ್ತಲೇ ಒಂದು ರಿಬ್ಬನ್ನನ್ನು ಅಳೆದು ಸುತ್ತಿದಳು.

"ಆ ತುಂಡು ತೋರಿಸ್ತಾರಾ?"

"ತೋರಿಸ್ಬೇಕು ಅಂತಿದ್ದಾರೆ" ಅಂದಳು ಕತ್ತರಿ.

"ಮತ್ತೆ ನನ್ನ ಹತ್ರ ಯಾಕ್ ಬಂದ್ರಿ? ನನ್ನ ಕೇಳಿ ತೋರಿಸೋ ಪದ್ಧತಿ ಮೊದಲಿಂದಲೂ ಇಲ್ವಲ್ಲ."

ಆಗ ಮೌನಿ ಮುಂದೆ ಬಂದ.

"ಅಮ್ಮ, ಇನ್ನೊಂದು ವಿಷಯ. ಯಜಮಾನರು ಇದನ್ನ ಹೇಳಿ ನಕ್ಕಾಗ ನಾನೂ ನಕ್ಕಿದ್ದೆ. ಅದು ಟೇಪಲ್ಲಿದೆ. ನಾಳೆ ನೀವು ಚಿತ್ರ ನೋಡಿದ್ರೆ ಕೇಳ್ಸುತ್ತೆ. ಅದಕ್ಕೆ ಮುಂಚೆ ನನ್ನ ಬಾಯಿಂದಲೇ ಗೊತ್ತಾಗ್ಲಿ ಅಂತ."

ಹೆಂಗಸು ಕನ್ನಡಕ ತೆಗೆದು ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ಕ್ಷಮೆ ಗಿಮೆ ನನ್ನ ಹತ್ರ ಇಲ್ಲಪ್ಪ. ಗುಂಡಿ ಬೇಕಾದ್ರೆ ಇದೆ."

"ಕ್ಷಮೆ ಕೇಳಕ್ಕೆ ಬಂದಿಲ್ಲಮ್ಮ."

"ಬಂದಿಲ್ಲ ತಾನೆ, ಒಳ್ಳೇದು." ಕನ್ನಡಕ ಮತ್ತೆ ಏರಿಸಿಕೊಂಡು, "ನಿನ್ನ ಕೆಲಸ ಏನು?" ಎಂದಳು.

"ಸೌಂಡು."

"ಕ್ಯಾಮೆರಾ ತಂದಿಲ್ವಾ?"

"ಇಲ್ಲ."

ಹೆಂಗಸು ಎದ್ದು ಹೋಗಿ ಅಂಗಡಿಯ ಬಾಗಿಲು ಮುಂದಕ್ಕೆ ಮಾಡಿದಳು. "ಹಾಗಾದ್ರೆ ಹಾಕು ನಿನ್ನ ಮೆಷಿನ್ನು. ಮುಖ ಬೇಡ. ನನ್ನ ಸಾಕಷ್ಟು ನೋಡಿದ್ದಾರೆ. ಈಗ ಕೇಳಲಿ."

ಅವಳು ಹೇಳಿದ್ದು ಹನ್ನೊಂದೇ ನಿಮಿಷ.

"ಬಣ್ಣದ ನೀರು ಅಂದಿದ್ರು. ಮೇಲೆ ಬಿದ್ದಾಗ ಬಿಸಿ ಇತ್ತು. ಬಣ್ಣದ ನೀರು ಯಾಕೆ ಬಿಸಿ ಇರುತ್ತೆ ಅಂತ ಒಂದು ಕ್ಷಣ ಅನ್ನಿಸ್ತು. ಆಮೇಲೆ ವಾಸನೆ ಬಂತು. ಬಾಯೊಳಗೂ ಹೋಗಿತ್ತು. ಓಡಿದೆ. ಸ್ನಾನದ ಮನೆ ಚಿಲಕ ಬಿದ್ದಿದ್ಯಾ ಅಂತ ಎರಡು ಸಲ ನೋಡಿದೆ. ಕಿಟಕಿ ನೋಡ್ಲಿಲ್ಲ. ನನಗಾಗ ಇಪ್ಪತ್ತೆರಡು ವರ್ಷ. ಮೊದಲ ದಿನ ಮೊದಲ ಆಟಕ್ಕೆ ನನ್ನ ತಮ್ಮ ಹನ್ನೆರಡು ಜನ ಸ್ನೇಹಿತರನ್ನ ಕರ್ಕೊಂಡು ಹೋಗಿದ್ದ, ಅಕ್ಕನ ಪಿಕ್ಚರು ಅಂತ. ವಾಪಸ್ ಬಂದೋನು ಶೂ ಕೂಡ ಬಿಚ್ಚದೆ ಗೋಡೆ ಕಡೆ ತಿರುಗಿ ಮಲಗಿದ. ಆವತ್ತಿಂದ ನನ್ನ ಅಕ್ಕ ಅಂತ ಕರೀಲಿಲ್ಲ. ಕೋಪ ಅಲ್ಲ ಅದು. ಅವನೂ ನೋಡಿಬಿಟ್ಟಿದ್ನಲ್ಲ, ನನ್ನ ಮುಖ ನೋಡಕ್ಕೆ ಅವನಿಗೇ ಆಗ್ತಿರ್ಲಿಲ್ಲ. ಹೋದ ವರ್ಷ ತೀರ್ಕೊಂಡ. ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡಿದ್ದ, ಕಣ್ಣು ಮುಚ್ಕೊಂಡು."

ಮೌನಿಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಮೈಕು ಹಿಡಿದ ಕೈ ಅಲ್ಲಾಡಲಿಲ್ಲ. ಉಸಿರೂ ಕೇಳದಂತೆ ಬಾಯಿ ಬಿಗಿಹಿಡಿದಿದ್ದ. ಅವಳು ಮುಗಿಸಿದ ಮೇಲೆ ಅವನು ಮೆಲ್ಲಗೆ, "ಕೋಣೆಯ ಮೌನ ತಗೋಬೇಕಮ್ಮ, ಮೂವತ್ತು ಸೆಕೆಂಡು" ಎಂದ. ಮೂವರೂ ಸುಮ್ಮನೆ ಕೂತರು. ಮೂವತ್ತು ಸೆಕೆಂಡು ಕಳೆಯಿತು, ಒಂದು ನಿಮಿಷ ಕಳೆಯಿತು. ಅವನು ನಿಲ್ಲಿಸಲಿಲ್ಲ, ಯಾರೂ ನಿಲ್ಲಿಸು ಅನ್ನಲಿಲ್ಲ. ಆ ಹೊತ್ತಿನಲ್ಲಿ ಕತ್ತರಿ ಅವನನ್ನು ಮೊದಲ ಸಲವೆಂಬಂತೆ ನೋಡಿದಳು. ಹೇಸಿಗೆ ಹೋಗಿರಲಿಲ್ಲ. ಅದರ ಪಕ್ಕದಲ್ಲೇ ಬೇರೇನೋ ಬಂದು ಕೂತಿತ್ತು. ಎರಡೂ ಒಂದನ್ನೊಂದು ತಳ್ಳುತ್ತಿರಲಿಲ್ಲ.

ಹೊರಡುವಾಗ ಹೆಂಗಸು ಒಂದು ಕಾಗದದ ಮೇಲೆ ಬರೆದು ಸಹಿ ಹಾಕಿಕೊಟ್ಟಳು. ಸ್ನಾನದ ಮನೆಯ ತುಣುಕು ಚಿತ್ರದಲ್ಲಿ ಇಲ್ಲದಿದ್ದರೆ ಮಾತ್ರ ತನ್ನ ದನಿ ಬಳಸಬಹುದು.

ನಿರ್ದೇಶಕನ ಮುಂದೆ ಕತ್ತರಿ ಆ ಕಾಗದ ಇಟ್ಟಳು. ದನಿ ಕೇಳಿಸಿದಳು. ಅವನು ಕೇಳುತ್ತಾ ಕೇಳುತ್ತಾ ಕುರ್ಚಿಯ ತುದಿಗೆ ಬಂದ.

"ನಲವತ್ತು ವರ್ಷ ಬಾಯಿ ಬಿಡದೋಳು ನಮ್ಮಲ್ಲಿ ಮೊದಲು ಮಾತಾಡಿದ್ಲು ಅಂದ್ರೆ..." ಅವನ ಕಣ್ಣಲ್ಲಿ ಆಗಲೇ ಪೋಸ್ಟರು ಮುದ್ರಣವಾಗುತ್ತಿತ್ತು. "ಸ್ನಾನದ ಮನೆ ಹೋಗ್ಲಿ ಬಿಡಿ. ಇದು ಅದಕ್ಕಿಂತ ಚೆನ್ನಾಗಿ ಹೋಗುತ್ತೆ."

ಕೆಟ್ಟ ಕಾರಣಕ್ಕೆ ಒಳ್ಳೆಯ ಕೆಲಸವಾಯಿತು. ಆ ನಲವತ್ತು ಸೆಕೆಂಡಿನ ಜಾಗದಲ್ಲಿ ಅವಳು ಬರಿಯ ಕಪ್ಪು ತೆರೆ ಇಟ್ಟು ಅದರ ಮೇಲೆ ಆ ಹೆಂಗಸಿನ ಹನ್ನೊಂದು ನಿಮಿಷ ಹಾಕಿದಳು. ಮೌನಿ ಬಂದು ಒಂದೇ ಒಂದು ಕೋರಿಕೆ ಇಟ್ಟ.

"ನನ್ನ ನಗು ತೆಗೀಬೇಡಿ."

"ತೆಗೆಯೋ ಯೋಚನೆ ನನಗೂ ಇರ್ಲಿಲ್ಲ" ಅಂದಳು ಅವಳು.

ಮೊದಲ ಪ್ರದರ್ಶನ ಒಂದು ಭಾನುವಾರದ ಮಧ್ಯಾಹ್ನ. ಯಜಮಾನ ಮುಂದಿನ ಸಾಲಿನ ನಡುಮಧ್ಯ ಕೂತಿದ್ದ. ಅವನು ತೆರೆಯ ಮೇಲೆ ಬಕೆಟ್ಟಿನ ಕಥೆ ಹೇಳಿ ನಕ್ಕಾಗ ಸಭೆಯಲ್ಲಿ ಅರ್ಧ ಜನ ನಕ್ಕರು. ತೆರೆ ಕಪ್ಪಾಯಿತು. ದನಿ ಶುರುವಾಯಿತು. ನಕ್ಕವರು ಕತ್ತಲಲ್ಲಿ ತಮ್ಮ ಪಕ್ಕದವರಿಂದ ಮೈ ಸರಿಸಿಕೊಂಡು ಕೂತರು. ಚಿಕ್ಕಮ್ಮನೂ ಬಂದಿದ್ದಳು. ಹನ್ನೊಂದು ನಿಮಿಷವೂ ತಲೆಯೆತ್ತಿ ಆ ಕಪ್ಪನ್ನೇ ನೋಡಿದಳು. ಮುಗಿದ ಮೇಲೆ ಯಾರನ್ನೂ ಮಾತಾಡಿಸದೆ ಎದ್ದು ಮನೆಗೆ ಹೋದಳು.

ದೀಪ ಹತ್ತಿದಾಗ ಯಜಮಾನನ ಮುಖದಲ್ಲಿ ನಾಚಿಕೆಯ ಗೆರೆಯೊಂದೂ ಇರಲಿಲ್ಲ. ಹೊರಗೆ ಬಂದವನು ಕತ್ತರಿಯ ಕೆನ್ನೆ ತಟ್ಟಿದ. "ಚೆನ್ನಾಗಿ ಮಾತಾಡಿದ್ದಾಳೆ ಅಲ್ವಾ? ಎಷ್ಟಾದ್ರೂ ನಾನು ಬೆಳೆಸಿದ ಹುಡುಗಿ." ಹಲ್ಲು ಕೆದಕಿದ ಅವನ ಬೆರಳು ಒದ್ದೆಯಾಗಿತ್ತು. ಸುತ್ತ ನಿಂತವರು ಅವನ ಜೊತೆ ಫೋಟೋ ತೆಗೆಸಿಕೊಳ್ಳಲು ಸಾಲುಗಟ್ಟಿದರು. ನಿರ್ದೇಶಕ ನಡುವೆ ನಿಂತಿದ್ದ.

ಅವಳು ನಲ್ಲಿಯ ಕೆಳಗೆ ಕೆನ್ನೆಯನ್ನು ಚರ್ಮ ಕೆಂಪಾಗುವವರೆಗೆ ಉಜ್ಜಿದಳು. ಹೊರಗೆ ಬಂದರೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಮೌನಿ ಕೂತಿದ್ದ. ಅವಳು ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

"ಒಂದು ಮಾತು ಹೇಳ್ಬೇಕಿತ್ತು" ಅಂದ ಅವನು. "ನಿಮ್ಮ ಮೇಲೆ ನನಗೆ ಮನಸ್ಸಿದೆ. ಮೊದಲ ದಿನದಿಂದಲೂ. ಇವತ್ತು ಹೇಳೋ ಹೊತ್ತಲ್ಲ, ಗೊತ್ತು."

"ಹೊತ್ತಲ್ಲ. ಇವತ್ತು ನನಗೆ ಯಾರನ್ನ ಕಂಡ್ರೂ ಹೇಸಿಗೆ."

"ನನ್ನನ್ನೂ?"

"ನಿಮ್ಮನ್ನೂ ಸ್ವಲ್ಪ."

"ಸರಿ" ಎಂದು ಅವನು ರಸ್ತೆ ನೋಡುತ್ತಾ ಕೂತ. ಬೇಡಿಕೊಳ್ಳಲಿಲ್ಲ, ಎದ್ದು ಹೋಗಲೂ ಇಲ್ಲ. ಒಂದು ಬಸ್ಸು ಬಂದು ನಿಂತು ಹೋಯಿತು.

"ಆವತ್ತು ನೀವು ಕೆಮ್ಮಿದ್ದು ಅಂದಿದ್ರೆ ನಾನು ನಂಬ್ತಿದ್ದೆ" ಅಂದಳು ಅವಳು. "ನಂಬಕ್ಕೇ ಕಾಯ್ತಾ ಕೂತಿದ್ದೆ."

"ಗೊತ್ತಿತ್ತು. ನಿಮ್ಮ ಮುಖದಲ್ಲಿ ಕಾಣ್ತಿತ್ತು."

"ಗೊತ್ತಿದ್ದೂ ಹೇಳ್ಲಿಲ್ಲ."

"ಗೊತ್ತಿದ್ದಿದ್ದಕ್ಕೇ ಹೇಳಕ್ಕಾಗ್ಲಿಲ್ಲ. ನಂಬಕ್ಕೆ ಕಾಯ್ತಿರೋರ ಹತ್ರ ಸುಳ್ಳು ಹೇಳೋದು..." ತಲೆಯಾಡಿಸಿದ. "ಅಷ್ಟು ಕೆಟ್ಟೋನಲ್ಲ ನಾನು. ಅಷ್ಟು ಮಾತ್ರ ಹೇಳಬಲ್ಲೆ."

ಅವಳು ಅವನ ಕಡೆ ತಿರುಗಿದಳು. ಬಿಸಿಲಿಗೆ ಅವನ ಗಡ್ಡದ ನರೆ ಹೊಳೆಯುತ್ತಿತ್ತು. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಅವನು ಈ ಸಲ ಕಣ್ಣು ಹೊರಳಿಸಲಿಲ್ಲ. ಅವಳ ಎದೆಯಲ್ಲಿ ಏನೋ ಸಡಿಲವಾಯಿತು. ಎಷ್ಟು ದಿನದಿಂದ ಬಿಗಿದುಕೊಂಡಿತ್ತು ಎಂಬುದು ಸಡಿಲವಾದ ಮೇಲೇ ತಿಳಿಯಿತು.

ಎರಡನೆಯ ಬಸ್ಸು ಬಂತು. ಅವಳು ಎದ್ದು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಿಂದೆ ನೋಡಿದಳು.

"ಬಾ."

"ಎಲ್ಲಿಗೆ?"

"ಮನೆಗೆ. ಚಿಕ್ಕಮ್ಮನಿಗೆ ಎಲ್ಲಾ ಹೇಳ್ಬೇಕು, ಆ ನಗು ಯಾರದು ಅನ್ನೋದೂ ಸೇರಿ. ಅವರು ಬೈತಾರೆ. ಕೂತು ಕೇಳು."

ಅವನು ಎರಡೂ ಮೆಟ್ಟಿಲು ಒಟ್ಟಿಗೇ ಹತ್ತಿದ. "ಬಾ ಅಂದ್ರಾ? ಕೇಳು ಅಂದ್ರಾ?"

"ಅಂದೆ. ನೀನೂ ಹಾಗೇ ಅನ್ನು."

ಬಸ್ಸು ಹೊರಟಿತು. ಅವಳು ಕಿಟಕಿಯ ಪಕ್ಕ ಸರಿದು ಅವನಿಗೆ ಜಾಗ ಬಿಟ್ಟಳು. ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಮೂರು ನಿಲ್ದಾಣ ದಾಟುವವರೆಗೂ ಆ ಏಕವಚನ ಅವನ ಬಾಯಿಂದ ಹೊರಡಲಿಲ್ಲ. ಅವಳು ಅವಸರಿಸಲಿಲ್ಲ. ನಾಲ್ಕನೆಯ ನಿಲ್ದಾಣದ ಹತ್ತಿರ ಅವನು ಅವಳ ಕೈ ಹಿಡಿದು, ಅತ್ತಿತ್ತ ನೋಡಿ, ಗುಟ್ಟು ಹೇಳುವವನ ಹಾಗೆ, "ನೀನು" ಅಂದ.